ದಿನಕ್ಕೆ ನಲವತ್ತು ಕಿಲೋಮೀಟರ್

ನಮ್ಮ ಹಳೆಯ ಪೆಟ್ರೋಲ್ ಕಾರಿನ ಕ್ಲಚ್ ಪ್ಲೇಟ್ ಮೂರನೇ ಸಲ ಸುಟ್ಟುಹೋದಾಗ ಮೆಕ್ಯಾನಿಕ್ ಬಾನೆಟ್ ಮುಚ್ಚಿ, "ಸಾರ್, ಇದಕ್ಕೆ ಹಾಕೋ ದುಡ್ಡಲ್ಲಿ ಇನ್ನೊಂದು ಕಾರಿಗೆ ಅಡ್ವಾನ್ಸ್ ಕೊಡ್ಬೋದು" ಎಂದ. ನನ್ನ ಗಂಡ ಮನೆಗೆ ಬಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದರು. ಎಡಗಡೆ ಪೆಟ್ರೋಲ್ ಕಾರು, ಬಲಗಡೆ ಕರೆಂಟಿನ ಕಾರು. ಮೇಲೆ ದಪ್ಪ ಅಕ್ಷರದಲ್ಲಿ 'ಹತ್ತು ವರ್ಷಕ್ಕೆ' ಎಂದು ಬರೆದರು.

ಆ ಹತ್ತು ವರ್ಷ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಆರು ತಿಂಗಳ ಹಿಂದಷ್ಟೇ ಮೈಸೂರಿನ ಕಣ್ಣಿನ ಡಾಕ್ಟರು ಇವರ ಕಣ್ಣಿನ ನರ ಸೊರಗುತ್ತಿದೆ ಎಂದಿದ್ದರು. ದಿನಾ ಹನಿ ಹಾಕಿಕೊಂಡರೆ ಇರುವ ದೃಷ್ಟಿ ಉಳಿದೀತು, ಹೋದದ್ದು ಮರಳಿ ಬಾರದು. ಸದ್ಯಕ್ಕೆ ಹಗಲು ಹೊತ್ತು ಕಾರು ಓಡಿಸಬಹುದು. ಎರಡು ಮೂರು ವರ್ಷ ಕಳೆದ ಮೇಲೆ ಅದೂ ಹೇಳಲಾಗದು. ನಮ್ಮ ಮನೆ ಇರುವುದು ಚೆಟ್ಟಳ್ಳಿಯ ಹತ್ತಿರ, ಗುಡ್ಡದ ಮೇಲೆ. ಬಸ್ಸು ಹಿಡಿಯಬೇಕಾದರೆ ಎರಡೂವರೆ ಕಿಲೋಮೀಟರ್ ಇಳಿಯಬೇಕು, ಬರುವಾಗ ಅಷ್ಟೇ ಹತ್ತಬೇಕು. ನನ್ನ ಮಂಡಿ ಆ ಕೆಲಸವನ್ನು ಎಂದೋ ಬಿಟ್ಟಿದೆ. ಭಾಗಮಂಡಲದಲ್ಲಿ ನನ್ನ ಅಕ್ಕ ಸೊಂಟ ಮುರಿದುಕೊಂಡು ಕೂತಿದ್ದಾಳೆ, ಬರುತ್ತೀಯೇನೆ ಎಂದು ವಾರಕ್ಕೆರಡು ಸಲ ಫೋನು ಮಾಡುತ್ತಾಳೆ. ಇವರು ಸ್ಟೇರಿಂಗ್ ಬಿಟ್ಟ ದಿನ ನನಗೆ ಅಕ್ಕನೂ ಇಲ್ಲ, ಪೇಟೆಯೂ ಇಲ್ಲ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಯಾಕೆ ಕಾರು ಕಲಿಯಲಿಲ್ಲ ಎಂದರೆ, ಕಲಿಯಲು ಹೋಗಿದ್ದೆ. ಇಪ್ಪತ್ತೆರಡು ವರ್ಷದ ಕೆಳಗೆ ಇವರೇ ಪಕ್ಕದಲ್ಲಿ ಕೂತು ನಮ್ಮ ಮನೆಯ ಏರಿನಲ್ಲಿ ಹಾಫ್ ಕ್ಲಚ್ ಕಲಿಸಲು ನೋಡಿದರು. ಕಾರು ಮುಂದೆ ಹೋಗುವ ಬದಲು ಹಿಂದೆ ಹೊರಟಿತು. "ಬ್ರೇಕು! ಕ್ಲಚ್ಚು! ಬ್ರೇಕು!" ಎಂದು ಇವರು ಕಿರುಚಿಕೊಂಡಂತೆಲ್ಲ ನನ್ನ ಕಾಲಿಗೆ ಯಾವುದು ಯಾವುದೆಂದು ತಿಳಿಯದೆ, ಕಡೆಗೆ ಪಕ್ಕದವರ ನಾಲ್ಕು ಕಾಫಿ ಗಿಡ ಮುರಿದು ನಿಂತೆವು. ನಾನು ಕೀಲಿಯನ್ನು ಇವರ ಮಡಿಲಿಗೆ ಎಸೆದು, "ಈ ಜನ್ಮದಲ್ಲಿ ಇನ್ನು ಮುಟ್ಟಿದ್ರೆ ಕೇಳಿ" ಎಂದು ಇಳಿದು ನಡೆದುಬಿಟ್ಟೆ. ಸಿಟ್ಟು ನನಗೆ ಬೇಗ ಬರುತ್ತದೆ, ಹೋಗುವುದು ನಿಧಾನ. ಅದು ಹೋಗಲೇ ಇಲ್ಲ.

ಇವರು ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ವಾರದ ಕೂಲಿ, ಎಲ್ಲ ಇವರ ಕೈಬರಹ. ಮದುವೆಯಾದ ಹೊಸತರಲ್ಲಿ ಹೊಲಿಗೆ ಮಿಷನ್ ಕೊಳ್ಳುವ ಆಸೆಗೆ ನಾನೂ ಒಂದು ಸೀಸನ್ ಹಣ್ಣು ಕುಯ್ಯುವ ಪಿಕಿಂಗಿಗೆ ಹೋಗಿದ್ದೆ. ಸಂಜೆ ತೂಕಕ್ಕೆ ಇಟ್ಟಾಗ ಈ ಮಹಾರಾಯ ನನ್ನ ಚೀಲದೊಳಗೆ ಕೈ ಹಾಕಿ, ಎಲೆ ಕಡ್ಡಿ ಎಲ್ಲ ಹೆಕ್ಕಿ ಹೊರಗೆ ಹಾಕಿ, ಆಮೇಲೆ ತೂಗಿದರು. ಎಲ್ಲ ಹೆಂಗಸರ ಎದುರಿಗೆ! ಅರ್ಧ ಕಿಲೋ ಹೋಯಿತು. ಮೂರು ದಿನ ನಾನು ಇವರಿಗೆ ಸಾರಿಲ್ಲದೆ ಬರೀ ಅನ್ನ ಬಡಿಸಿದೆ. ಸುಳ್ಳು ಲೆಕ್ಕ ಎಂಬುದು ಇವರ ಪೆನ್ನಿನಿಂದ ಬಂದದ್ದನ್ನು ನಾನು ಕಂಡಿಲ್ಲ.

ಅಂಥವರು ಒಂದು ವಾರ ಅಳೆದು ಸುರಿದು ಬರೆದರು. ಕರೆಂಟಿನ ಕಾರಿಗೆ ಕೊಳ್ಳುವಾಗ ನಾಲ್ಕು ಲಕ್ಷ ಹೆಚ್ಚು. ಆದರೆ ಆಯಿಲ್ ಬದಲಿಸುವುದಿಲ್ಲ, ಕ್ಲಚ್ ಪ್ಲೇಟ್ ಇಲ್ಲ. ನಮ್ಮ ಏರಿನಲ್ಲಿ ಪೆಟ್ರೋಲ್ ಕಾರು ಕುಡಿಯುವುದೇ ಜಾಸ್ತಿ. ಇದಾದರೋ ಮಡಿಕೇರಿಯಿಂದ ಇಳಿಯುವಾಗ ತಾನೇ ಒಂದಿಷ್ಟು ಚಾರ್ಜ್ ತುಂಬಿಕೊಳ್ಳುತ್ತದೆ. ಈ ಮಾತು ಇವರಿಗೆ ಬಹಳ ಹಿಡಿಸಿತು, ಬಂದವರಿಗೆಲ್ಲ ಹೇಳಿದರು. ಬ್ಯಾಟರಿಗೆ ಎಂಟು ವರ್ಷ ವಾರಂಟಿ. ಆಮೇಲೆ ಅದನ್ನು ಬದಲಿಸಬೇಕಾಗಿ ಬಂದರೆ ಎಂದು ಬಲಗಡೆಗೆ ಒಂದು ದೊಡ್ಡ ಮೊತ್ತ ಸೇರಿಸಿದರು. ಆಷಾಢದ ಗಾಳಿಗೆ ಮರ ಬಿದ್ದು ನಾಲ್ಕು ದಿನ ಕರೆಂಟು ಹೋದರೆ ಏನು ಮಾಡುವುದು ಎಂಬುದಕ್ಕೂ ಒಂದು ಸಾಲು ಇತ್ತು.

ನಾನು ಗಿರಾಕಿಯೊಬ್ಬರ ಬ್ಲೌಸಿಗೆ ಹುಕ್ ಹೊಲಿಯುತ್ತ, "ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ನಮಗ್ಯಾಕ್ರೀ ಅಷ್ಟು ದುಬಾರಿದು?" ಎಂದೆ. ಇವರು ನೋಟ್‌ಬುಕ್ಕನ್ನು ನನ್ನ ಮುಂದೆ ತಳ್ಳಿದರು. "ಐದು ವರ್ಷಕ್ಕೆ ಆ ನಾಲ್ಕು ಲಕ್ಷ ವಾಪಸ್ ಬತ್ತದೆ. ನೋಡ್ಕೊ."

ನೋಡಿಕೊಂಡೆ. ಹೊಲಿಗೆಯವಳು ನಾನು, ಲಕ್ಷದ ಲೆಕ್ಕ ತಿಳಿಯದಿದ್ದರೂ ಅಳತೆ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ. ಎಲ್ಲದರ ಬುಡದಲ್ಲಿ ಒಂದು ಸಾಲಿತ್ತು: ದಿನಕ್ಕೆ ನಲವತ್ತು ಕಿಲೋಮೀಟರ್.

"ರೀ, ಇದೇನಿದು ನಲವತ್ತು? ಹಾಲು, ಅಂಗಡಿ, ವಾರಕ್ಕೊಂದ್ಸಲ ಮಡಿಕೇರಿ. ಎಲ್ಲ ಸೇರ್ಸಿ ಹಂಚಿದ್ರೂ ದಿನಕ್ಕೆ ಹದಿನೈದು ದಾಟಾಕಿಲ್ಲ."

ಇವರು ಕನ್ನಡಕ ತೆಗೆದು ಒರೆಸತೊಡಗಿದರು.

"ಹದಿನೈದು ಹಾಕಿದ್ರೆ ದುಡ್ಡು ವಾಪಸ್ ಬರಾಕೆ ಎಷ್ಟು ವರ್ಷ?"

"ಹನ್ನೆರಡು," ಎಂದರು ಮೆತ್ತಗೆ.

"ಹಂಗಾದ್ರೆ ನಿಮ್ಮ ಹತ್ತು ವರ್ಷದಲ್ಲಿ ಪೆಟ್ರೋಲ್ ಕಾರೇ ಅಗ್ಗ! ಸುಳ್ಳು ಬರ್ದಿದ್ದೀರಿ!" ಕಳ್ಳನನ್ನು ಹಿಡಿದ ಖುಷಿ ನನಗೆ. ಮೂವತ್ತು ವರ್ಷದ ಹಿಂದಿನ ಆ ಅರ್ಧ ಕಿಲೋ ಹಣ್ಣಿಗೆ ಇಂದು ಸೇಡು ತೀರಿತು ಅಂದುಕೊಂಡೆ.

"ಸುಳ್ಳಲ್ಲ ಕಣೆ. ಬರ್ದಿರೋದು ಮುಂದಿಂದು." ಇವರು ಬೆರಳು ಮಡಿಸಿದರು. "ವಾರಕ್ಕೊಂದ್ಸಲ ನಿಮ್ಮಕ್ಕನ ಮನೆಗೆ, ಹೋಗಿ ಬರಾಕೆ ನೂರಹತ್ತು. ಕುಶಾಲನಗರಕ್ಕೆ ನಿನ್ನ ಲೈನಿಂಗ್ ಬಟ್ಟೆ, ನೂಲು ತರಾಕೆ, ನಲವತ್ತೈದು."

"ಅಷ್ಟೊಂದು ಯಾರು ಓಡ್ಸೋದು? ನಿಮ್ಮ ಕಣ್ಣು..." ಎಂದು ತಡೆದೆ.

"ನೀನು," ಎಂದರು. "ಅದ್ರಲ್ಲಿ ಕ್ಲಚ್ಚೇ ಇಲ್ಲ. ಏರಲ್ಲಿ ಬ್ರೇಕ್ ಬಿಟ್ರೂ ಹಿಂದಕ್ಕೆ ಹೋಗಾಕಿಲ್ಲ. ಶೋರೂಮಲ್ಲಿ ನಾನೇ ಓಡ್ಸಿ ನೋಡ್ದೆ, ನಿನ್ನ ಮಿಷನ್ ಪೆಡಲ್ ಥರಾನೇ ಅದೆ. ಮೆತ್ತಗೆ ಒತ್ತಿದ್ರೆ ಮೆತ್ತಗೆ, ಜೋರಾಗಿ ಒತ್ತಿದ್ರೆ ಜೋರು."

ನಾನು ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡೆ. ಬೆರಳಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತೈದು ಹೆಚ್ಚು ಎಂದರೆ ವಾರಕ್ಕೆ ನೂರ ಎಪ್ಪತ್ತೈದು. ಇವರು ಹೇಳಿದ್ದು ನೂರ ಐವತ್ತೈದು.

"ವಾರಕ್ಕೆ ಇನ್ನೂ ಇಪ್ಪತ್ತು ಉಳೀತಲ್ಲ, ಅದೆಲ್ಲಿಗೆ?"

"ಅದು ಸುಮ್ನೆ," ಎಂದರು ಇವರು, ಕನ್ನಡಕ ಹಾಕಿಕೊಳ್ಳುತ್ತ. "ಎಲ್ಲಾದ್ರೂ ಹೋಗಾಣ ಅನ್ನಿಸ್ತದಲ್ಲ ಮನುಷ್ಯರಿಗೆ, ಅದಕ್ಕೆ."

ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತೆ. ಇವರ ಕಣ್ಣಿಗಾಗಿ ಅತ್ತೆನೋ, ಆ ಇಪ್ಪತ್ತು ಕಿಲೋಮೀಟರಿಗಾಗಿಯೋ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ನಾನು ಕೆಲಸವಿಲ್ಲದೆ ಎಲ್ಲಿಗೂ ಹೋದವಳಲ್ಲ. ಅದನ್ನು ಇವರು ಗಮನಿಸಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಬಹಳ ಪ್ರೀತಿ ಬಂತು. ಇಷ್ಟು ತಡವಾಗಿ ಹೇಳಿದ್ದಕ್ಕೆ ಸಿಟ್ಟೂ ಬಂತು, ಅದನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಕಾರು ಬಂತು. ಮಳೆಗಾಲದಲ್ಲಿ ಎಸ್ಟೇಟಿನ ಕಣ ಖಾಲಿ ಬಿದ್ದಿರುತ್ತದೆ, ಕಾಫಿ ಒಣಗಿಸಲು ಬಿಸಿಲೇ ಇಲ್ಲವಲ್ಲ. ಅಲ್ಲಿ ಒಂದು ತಿಂಗಳು ಸುತ್ತು ಹಾಕಿದೆ. ಪಕ್ಕದಲ್ಲಿ ಕೂತ ಇವರು ಈ ಸಲ ಒಂದು ಮಾತೂ ಆಡಲಿಲ್ಲ, ಬಲಗಾಲಿನಿಂದ ನೆಲ ಮಾತ್ರ ಒತ್ತುತ್ತಿದ್ದರು, ಅಲ್ಲೊಂದು ಬ್ರೇಕ್ ಇದ್ದವರಂತೆ. ಲೈಸೆನ್ಸ್ ಟೆಸ್ಟಿಗೆ ನಮ್ಮ ಕಾರನ್ನೇ ಒಯ್ದು ಎರಡನೇ ಸಲಕ್ಕೆ ಪಾಸಾದೆ. ನಮ್ಮ ಮನೆಯ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಟೆ; ಒಂದಂಗುಲವೂ ಹಿಂದೆ ಸರಿಯಲಿಲ್ಲ. ಮುರಿದ ಗಿಡಗಳ ಜಾಗದಲ್ಲಿ ಬೆಳೆದು ನಿಂತ ಹೊಸ ಗಿಡಗಳನ್ನು ನೋಡಿ ನಕ್ಕೆ.

ಇವರ ಲೆಕ್ಕದಲ್ಲಿ ತಪ್ಪೂ ಇತ್ತೆನ್ನಿ. ಇನ್ಶೂರೆನ್ಸ್ ಇವರು ಬರೆದದ್ದಕ್ಕಿಂತ ಹೆಚ್ಚು ಬಂತು, ಕಾರು ಚಾರ್ಜ್ ಮಾಡಲು ಮನೆಯ ವೈರಿಂಗ್ ಬದಲಿಸುವ ಖರ್ಚು ಬರೆದೇ ಇರಲಿಲ್ಲ. ಒಮ್ಮೆ ಕರೆಂಟು ಹೋಗಿ ಕಾರು ಮೂರು ದಿನ ಮನೆಯಲ್ಲೇ ನಿಂತಿತು. ಆದರೂ ಅಕ್ಕನ ಮನೆಗೆ ಪ್ರತಿ ವಾರ ಹೋಗುತ್ತೇನೆ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಅಕ್ಕ, ನನಗಿಂತ ಮೊದಲು ನನ್ನ ಕಾರನ್ನು ಮಾತಾಡಿಸುತ್ತಾಳೆ.

ಮೊನ್ನೆ ಕುಶಾಲನಗರದಿಂದ ಬರುವಾಗ ಮನೆಗೆ ತಿರುಗುವ ಜಾಗ ಬಂತು. ನಾನು ತಿರುಗಿಸಲಿಲ್ಲ, ನೇರ ಹೋದೆ. ಇವರಿಗೆ ಈಗ ಪಕ್ಕದ್ದು ಸರಿಯಾಗಿ ಕಾಣುವುದಿಲ್ಲ, ಆದರೆ ದಾರಿಯ ತಿರುವುಗಳು ಮೈಗೇ ಗೊತ್ತು.

"ಮನೆ ದಾರಿ ಬಿಟ್ಟಲ್ಲೇ. ಎಲ್ಲಿಗೆ?"

"ಸುಮ್ನೆ," ಎಂದೆ. "ಈ ವಾರದ ಇಪ್ಪತ್ತು ಹಂಗೇ ಉಳಿದದೆ."

ಇವರು ಅಷ್ಟು ಹೊತ್ತೂ ನೆಲ ಒತ್ತುತ್ತಿದ್ದ ಬಲಗಾಲನ್ನು ತೆಗೆದು, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಕಾಲು ಮಡಿಸಿ ಕೂತರು.