ಮಯಿಲಕ್ಕ ಬಣ್ಣ ಬಳಿಯದ ಬೊಟ್ಟಗಲ ಜಾಗ

“ಮೇಣ ತಿಕ್ಕಿದ್ದು ಬೇಕಂತಲೇ ಅಲ್ವಾ ಅಕ್ಕಾ? ನಿಜ ಹೇಳಿ.”

ಸಿಂಗಾನಲ್ಲೂರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಳೆ ಕಾರು ಮಾರುವ ದಂಡಪಾಣಿ ಆಗಲೇ ಮಯಿಲಾತ್ತಾಳ್ ಅವರ ಹಿತ್ತಲಿಗೆ ಬಂದು ನಿಂತಿದ್ದಾರೆ, ಕಂಕುಳಲ್ಲಿ ಒಂದು ಅಲಾಯ್ ಚಕ್ರ. ಮಯಿಲಾತ್ತಾಳ್ ತಲೆ ಎತ್ತುವುದಿಲ್ಲ. ತಂಬಿಗೆಯಿಂದ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಮುಂಬಾಗಿಲಲ್ಲಿ ನೀರು ಹಾಕುವುದು ಕೋಲ ಎಂಬ ರಂಗೋಲಿಗೆ, ಹಿತ್ತಲಲ್ಲಿ ಹಾಕುವುದು ಧೂಳು ಅಡಗಲಿ ಎಂದು. ಬಣ್ಣ ಹೊಡೆಯುವವರಿಗೆ ಗಾಳಿ ಏಳುವ ಮುಂಚಿನ ಈ ಹೊತ್ತೇ ಬಂಗಾರ.

“ಬರೀ ಲೋಹ ಮಳೆಗೆ ಬಿಳಿಚಿಕೊಳ್ಳಬಾರದು ಅಂತ ತಿಕ್ಕಿದೆ. ಅದರ ಮೇಲೆ ನೀವು ಡಬ್ಬಿ ಬಣ್ಣ ಹೊಡೀತೀರಿ ಅಂತ ನಂಗೇನು ಕನಸು ಬಿದ್ದಿತ್ತಾ?” ಎನ್ನುತ್ತಾರೆ.

ಸಂಗತಿ ಇಷ್ಟೆ. ಓಣಿಯವರೆಲ್ಲ ಮಯಿಲಕ್ಕ ಎಂದು ಕರೆಯುವ ಈ ಹೆಂಗಸು ಹಳೆ ಚಕ್ರಗಳ ಬಣ್ಣ ಕಿತ್ತು ಹೊಸ ಬಣ್ಣ ಹೊಡೆದು ಕೊಡುತ್ತಾರೆ. ಆದರೆ ಪ್ರತಿ ಚಕ್ರದಲ್ಲೂ ಒಂದು ಕಡ್ಡಿಯ ಹಿಂಬದಿಯಲ್ಲಿ ಬೊಟ್ಟಗಲ ಜಾಗವನ್ನು ಬೋಳಾಗಿಯೇ ಬಿಟ್ಟು, ಮೇಣದಬತ್ತಿಯ ತುಂಡಿನಿಂದ ಉಜ್ಜಿಬಿಡುತ್ತಾರೆ. ಬಗ್ಗಿ ನೋಡಿದವರಿಗೆ ಗೊತ್ತಾಗಬೇಕು, ಇದು ರಸ್ತೆ ಕಂಡ ಚಕ್ರ ಎಂದು. ದಂಡಪಾಣಿಗೆ ಅದೇ ಬೇಡದ್ದು. ಮೊನ್ನೆ ತಾವೇ ಆ ಬೊಟ್ಟುಗಳ ಮೇಲೆ ಬಣ್ಣ ಹೊಡೆದು ಮುಚ್ಚಿದ್ದರು. ಮೇಣದ ಮೇಲೆ ಬಣ್ಣ ನಿಂತೀತೆ? ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಕಾರು ಕೊಳ್ಳಲು ಬಂದವನು ಉಗುರಿನಿಂದ ಕೆರೆದು ನೋಡಿದ, ನಕ್ಕ, ಹೋದ.

ಮಯಿಲಕ್ಕನ ಕೈಗೆ ಅಲ್ಯೂಮಿನಿಯಂ ಹೊಸದಲ್ಲ. ಎರಕದ ಕಾರ್ಖಾನೆಯಲ್ಲಿ ಅಚ್ಚಿನಿಂದ ಬಂದ ಪಂಪಿನ ಭಾಗಗಳ ಅಂಚು ಅರೆಯುತ್ತ ಹರೆಯ ಕಳೆದವರು. ಕಾರ್ಖಾನೆ ಬೀಗ ಹಾಕಿಕೊಂಡಾಗ ನೆಂಟರು ಹಿಟ್ಟು ರುಬ್ಬಿ ಮಾರು ಎಂದರು. ಇವರು ತಮ್ಮನ ಕಾರಿನ ನಾಲ್ಕು ಚಕ್ರ ಬಿಚ್ಚಿಸಿ ಹಿತ್ತಲಿಗೆ ತಂದರು. ಅತ್ತೆ ರಾಮಾತ್ತಾಳ್ ಅವರ ಗೇಲಿ ಅಂದಿನಿಂದ ನಿಂತಿಲ್ಲ. “ಊರ ಸೊಸೆಯರು ಇಡ್ಲಿ ಬೇಯಿಸ್ತಾರೆ, ನಮ್ಮವಳು ಚಕ್ರ ಬೇಯಿಸ್ತಾಳೆ. ಅದಕ್ಕೆ ಚಟ್ನಿ ಏನು ಹಾಕ್ಕೊಳ್ಳೋದು ಅಂತ ಕಾಯ್ತಾ ಇದೀನಿ” ಎಂದು ಜಗಲಿಯ ಮೇಲೆ ಕೂತೇ ಕೂಗಿ ಹೇಳುತ್ತಾರೆ.

ಬೇಯಿಸಿದ ಹಾಗೆಯೇ ಇದೆ ಕೆಲಸವೂ. ಬಣ್ಣ ಕೀಳುವ ಮುಲಾಮನ್ನು ದಪ್ಪಗೆ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿ ತೊಟ್ಟಿಯಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹಳೆ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ. ಮುಲಾಮು ತಾಗಿದರೆ ಚೇಳು ಕುಟುಕಿದಂತೆ. ಮೊದಲ ವರ್ಷದ ಕಲೆ ಎಡ ಮಣಿಕಟ್ಟಿನ ಮೇಲೆ ಇನ್ನೂ ಇದೆ. ಬಣ್ಣ ಕೆರೆದು, ತೊಳೆದು, ಫುಟ್‌ಪಾತಿನ ಅಂಚು ಕಚ್ಚಿದ ಗಾಯಗಳಿಗೆ ಪುಟ್ಟಿ ತುಂಬಿ, ಬೆರಳಿಗೆ ತಗ್ಗು ಸಿಗದಷ್ಟು ಉಪ್ಪುಕಾಗದದಲ್ಲಿ ಉಜ್ಜಬೇಕು. ಬೋಲ್ಟಿನ ತೂತುಗಳಿಗೆ ಬಣ್ಣ ಇಳಿಯದಂತೆ ಮಕ್ಕಳಾಡುವ ಗೋಲಿ ಇಡುತ್ತಾರೆ. ಒಂದು ಜೊತೆ ನಾಲ್ಕು ಚಕ್ರ. ವಾರಕ್ಕೆ ಎರಡು ಜೊತೆ ಮುಗಿದರೆ ಹೆಚ್ಚು. ಅದರಲ್ಲಿ ಮುಕ್ಕಾಲು ಪಾಲು ಬರುವುದು ದಂಡಪಾಣಿಯಿಂದಲೇ.

ಬೊಟ್ಟು ಬಿಡುವುದು ಮೊದಲಿನಿಂದ ಇದ್ದ ಪದ್ಧತಿಯಲ್ಲ. ಪಕ್ಕದ ಓಣಿಯ ಕಾಳಿಯಪ್ಪನ್ ಟ್ಯಾಕ್ಸಿ ಓಡಿಸುವವರು. ಒಂದು ಸಂಜೆ ಹೊಸ ಚಕ್ರ ಹಾಕಿಸಿದೆನೆಂದು ಗಂಧ ಕುಂಕುಮ ಹಚ್ಚಿ, ಓಣಿಗೆಲ್ಲ ಪಾಲ್‌ಕೋವಾ ಹಂಚಿದರು. ಮಯಿಲಕ್ಕ ಬಗ್ಗಿ ಚಕ್ರ ಸವರಿದರು. ತಾವೇ ಪುಟ್ಟಿ ತುಂಬಿದ ಗಾಯ ಬೆರಳಿಗೆ ಸಿಕ್ಕಿತು.

“ಚೆನ್ನಾಗಿದೆ ಅಂದೆ. ಕೋವಾ ತಿಂದೆ. ಅದು ಇವತ್ತಿಗೂ ಗಂಟಲು ಇಳಿದಿಲ್ಲ” ಎನ್ನುತ್ತಾರೆ. “ಹಳೇದಕ್ಕೆ ಹೊಸ ಬಣ್ಣ ಹಾಕೋದು ನನ್ನ ಕಸುಬು. ಹಳೇದನ್ನ ಹೊಸದು ಅಂತ ಮಾರೋಕೆ ನನ್ನ ಕೈ ಬೇಡ.”

ಈ ಊರಲ್ಲಿ ಜಗಳವೂ ಬಹುವಚನದಲ್ಲೇ. ರಾಮಾತ್ತಾಳ್ ಕೊಟ್ಟ ಕಾಫಿ ಕುಡಿಯುತ್ತಲೇ ದಂಡಪಾಣಿ ಕೊನೆಯ ಮಾತು ಆಡುತ್ತಾರೆ: ಇವತ್ತಿನಿಂದ ಬೊಟ್ಟು ಬಿಡಕೂಡದು, ಬಿಡುವುದಾದರೆ ಹಿತ್ತಲಲ್ಲಿರುವ ಮೂರೂ ಜೊತೆ ಈಗಲೇ ವ್ಯಾನಿಗೆ. ಚಕ್ರಕ್ಕೆ ಬಣ್ಣ ಹೊಡೆಯುವ ದೊಡ್ಡ ಅಂಗಡಿಯವರು ಕೇಳಿದ ಹಾಗೆ ಮಾಡಿಕೊಡುತ್ತಾರಂತೆ.

“ತಗೊಂಡು ಹೋಗಿ. ಲೋಟ ಮಾತ್ರ ಇಟ್ಟು ಹೋಗಿ.”

ದಂಡಪಾಣಿ ನಿಜವಾಗಿಯೂ ಎತ್ತಿ ಹಾಕತೊಡಗುತ್ತಾರೆ. ಜಗಲಿಯ ಗೇಲಿ ನಿಲ್ಲುತ್ತದೆ. ಮುಕ್ಕಾಲು ಪಾಲು ಕೆಲಸ ಕಣ್ಣೆದುರೇ ವ್ಯಾನ್ ಹತ್ತುತ್ತಿದೆ; ಮಯಿಲಕ್ಕ ಸೆರಗು ಸಿಕ್ಕಿಸಿ ಕೈಗವಸು ಏರಿಸುತ್ತಾರೆ. ಕೊನೆಗೆ ಉಳಿಯುವುದು ತೊಟ್ಟಿಯೊಳಗಿನ ಒಂದೇ ಚಕ್ರ. ಮೈತುಂಬ ಮುಲಾಮು ಮೆತ್ತಿ ಹಾಳೆ ಸುತ್ತಿಕೊಂಡು ಕೂತಿದೆ. ಅರ್ಧ ಬೆಂದದ್ದು, ಮಧ್ಯಾಹ್ನದ ತನಕ ಮುಟ್ಟುವಂತಿಲ್ಲ. ಅದರ ಜೊತೆಯ ಮೂರು ಆಗಲೇ ವ್ಯಾನಿನಲ್ಲಿವೆ. ಆ ನಾಲ್ಕು ಹಾಕುವ ಕಾರಿಗೆ ಗಿರಾಕಿ ಬರುವುದು ಶುಕ್ರವಾರ.

ದಂಡಪಾಣಿ ತೊಟ್ಟಿ ನೋಡುತ್ತಾರೆ, ವ್ಯಾನು ನೋಡುತ್ತಾರೆ. “ಮೂರು ಚಕ್ರ ಇಟ್ಕೊಂಡು ನಾನೇನು ಆಟೋ ಓಡಿಸ್ಲಾ ಅಕ್ಕಾ?”

“ಓಡ್ಸಿ. ಅದಕ್ಕೂ ಬಣ್ಣ ಹೊಡೆದು ಕೊಡ್ತೀನಿ. ಬೊಟ್ಟು ಬಿಟ್ಟೇ.”

ವ್ಯಾನು ಹೊರಡುತ್ತದೆ. ಓಣಿಯ ತಿರುವಿನಲ್ಲಿ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ದಂಡಪಾಣಿ ಇಳಿದು ಮೂರು ಚಕ್ರಗಳನ್ನು ಒಂದೊಂದಾಗಿ ಗೇಟಿಗೆ ಒರಗಿಸಿ ಹೋಗುತ್ತಾರೆ. ಉಳಿದ ಎಂಟು ಅವರೊಂದಿಗೇ ಹೋಗುತ್ತವೆ. ಮಯಿಲಕ್ಕ ಮೂರನ್ನೂ ಉರುಳಿಸಿಕೊಂಡು ಹಿತ್ತಲಿಗೆ ತಂದು, ಕಿಟಕಿಯ ಮೇಲಿದ್ದ ಮೇಣದಬತ್ತಿಯ ತುಂಡನ್ನು ತೆಗೆದು ತೊಟ್ಟಿಯ ಅಂಚಿಗೆ ಇಡುತ್ತಾರೆ.