ಹೊಳೆದಂಡೆಯಲ್ಲಿ ಮೂರು ದಿನದ ಸಾಹೇಬರು

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನನಗೆ ಹತ್ತು ವರ್ಷ, ತಂಗಿಗೆ ಏಳು. ನಾವು ಮದ್ದೂರಿನಲ್ಲಿದ್ದೆವು. ಅಪ್ಪ ದಿನಾ ಬೆಳಿಗ್ಗೆ ರೈಲು ಹಿಡಿದು ಮಂಡ್ಯದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತಿಕೆಗೆ ಹೋಗಿ ಬರುತ್ತಿದ್ದರು. ಆ ರಜೆಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಸಮುದ್ರ ನೋಡಿ ಬಂದು, ಕಪ್ಪೆಚಿಪ್ಪಿನ ಸರ ಹಾಕಿಕೊಂಡು ಬೀದಿಯಲ್ಲಿ ಓಡಾಡಿದಳು. ಅಂದಿನಿಂದ ನಾವಿಬ್ಬರೂ ಸಮುದ್ರ ಬೇಕು ಅಂತ ಹಟ ಹಿಡಿದೆವು.

ಒಂದು ಸಂಜೆ ಅಪ್ಪ ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದರು.

"ಎಲ್ಲಾರೂ ಬಟ್ಟೆ ಜೋಡಿಸ್ಕಳಿ. ಸುಕ್ರವಾರ ಒಂಟೋಗದು."

"ಎಲ್ಗೆ?" ಅಂದಳು ಅವ್ವ.

"ಕಾವೇರಿ ದಡಕ್ಕೆ. ಬಂಗ್ಲೆಗೆ. ಮೂರು ದಿನ!"

ಆದದ್ದು ಇಷ್ಟು. ಹಲಗೂರಿನಾಚೆ ಹೊಳೆಯ ದಂಡೆಯಲ್ಲಿ ಸರ್ಕಾರದ ಒಂದು ಬಂಗಲೆಯಿತ್ತು. ಅಪ್ಪನ ಸಾಹೇಬರು ತಮ್ಮ ಸಂಸಾರಕ್ಕೆಂದು ಅದನ್ನು ಗೊತ್ತು ಮಾಡಿ, ದಿನಸಿ, ಕೋಳಿ, ಮೊಟ್ಟೆ ಎಲ್ಲವನ್ನೂ ಮುಂಚೆಯೇ ಕಳಿಸಿಬಿಟ್ಟಿದ್ದರು. ಅಷ್ಟರಲ್ಲಿ ಅವರ ಮಗನಿಗೆ ಅಮ್ಮ ಎದ್ದು ಮೈಯೆಲ್ಲ ಗುಳ್ಳೆಯಾಯಿತು. ಕಳಿಸಿದ ಸಾಮಾನು ಹಾಳಾಗುವುದು ಬೇಡ, ನೀನೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬಾ ಎಂದು ಅಪ್ಪನಿಗೆ ಚೀಟಿ ಬರೆದುಕೊಟ್ಟಿದ್ದರು.

"ಉಪ್ಪಿನಿಂದ ಇಡ್ದು ಎಲೆ ಅಡಿಕೆವರ್ಗೂ ಎಲ್ಲಾ ಅಲ್ಲೇ ಅದೆ. ನಾವು ಕೈ ಬೀಸ್ಕೊಂಡು ಓದ್ರೆ ಸಾಕು" ಎಂದರು ಅಪ್ಪ.

"ಅಡ್ಗೆ?" ಅಂದಳು ಅಜ್ಜಿ. ಅಪ್ಪನ ತಾಯಿ, ಮನೆಯ ಹಿರಿಯಳು.

"ಅಲ್ಲಿ ಮೇಟಿ ಅವ್ನೆ ಕಣವ್ವ. ಬಂಗ್ಲೆ ಕಾಯೋನೂ ಅವ್ನೆ, ಅಡ್ಗೆ ಮಾಡೋನೂ ಅವ್ನೆ."

"ಮತ್ತೆ ನಾನೇನು ಮಾಡ್ಲಿ?" ಅಂದಳು ಅವ್ವ.

"ನೀನಾ? ನೀನೇನೂ ಮಾಡಂಗಿಲ್ಲ."

ಆ ಮಾತು ಅವ್ವನಿಗೆ ಅರ್ಥವಾದಂತೆ ಕಾಣಲಿಲ್ಲ. ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ರಾಗಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ ತುಂಬಿಯೇ ತುಂಬಿದಳು. ತಂಗಿ ಮಾತ್ರ ಮೂತಿ ಉಬ್ಬಿಸಿಕೊಂಡು, "ಅದು ಸಮುದ್ರ ಅಲ್ವಲ್ಲಪ್ಪ" ಅಂದಳು.

"ಸಮುದ್ರದ ನೀರು ಕುಡಿಯಾಕಾಯ್ತದಾ? ಇದು ಕುಡಿಯೋ ಅಂತಾ ಸಮುದ್ರ" ಎಂದರು ಅಪ್ಪ. ಅವಳು ಒಪ್ಪಿಕೊಂಡಳು.

ಮಳವಳ್ಳಿಯಲ್ಲಿ ಒಂದು ಬಸ್ಸು ಬದಲಿಸಿ, ಹಲಗೂರಿನಲ್ಲಿ ಇನ್ನೊಂದು ಹಿಡಿದು, ಕಾಡಿನ ಧೂಳೆಲ್ಲ ತಲೆಗೆ ಮೆತ್ತಿಕೊಂಡು ಕೊನೆಯ ಸ್ಟಾಪಿನಲ್ಲಿ ಇಳಿದೆವು. ಖಾಕಿ ಕೋಟು ತೊಟ್ಟ ಮುದುಕರೊಬ್ಬರು, ಬಂಗಲೆಯ ಮೇಟಿ, ನಮಗಾಗಿ ಕಾಯುತ್ತಿದ್ದರು. ಅಪ್ಪನನ್ನು ನೋಡಿದ್ದೇ ಹಿಮ್ಮಡಿ ಜೋಡಿಸಿ ಸಲಾಮು ಹೊಡೆದರು.

"ನಮಸ್ಕಾರ ಸಾಹೇಬ್ರೆ!"

ಹೆಗಲ ಮೇಲೆ ಟ್ರಂಕು ಹೊತ್ತಿದ್ದ ಅಪ್ಪ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಸಾಹೇಬರೆಂದರೆ ತಾವೇ ಎಂದು ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು "ಹ್ಞೂಂ" ಅಂದರು. ಅಲ್ಲಿಂದ ಬಂಗಲೆಯವರೆಗೆ ಅವರ ನಡಿಗೆಯೇ ಬೇರೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಹಿಂದೆ ಬಂದಳು.

ಹೆಂಚಿನ ಬಂಗಲೆ, ಮುಂದೆ ಉದ್ದನೆಯ ಜಗಲಿ. ನಾಲ್ಕು ಮೆಟ್ಟಿಲು ಇಳಿದರೆ ಮರಳು. ಅಷ್ಟು ಮರಳನ್ನು ನಾವು ಒಂದೇ ಕಡೆ ಕಂಡಿರಲೇ ಇಲ್ಲ. ಅದರಾಚೆ ಹೊಳೆ, ಹೊಳೆಯಾಚೆ ಬೆಟ್ಟದ ಕಾಡು. ನಾನು, ತಂಗಿ ಕಿರುಚಿಕೊಂಡು ಓಡಿದೆವು. ಅಂಗಾಲು ಸುಟ್ಟು, ಕಿರುಚಿಕೊಂಡೇ ವಾಪಸು ಬಂದೆವು.

ಮಧ್ಯಾಹ್ನ ಮೇಜಿನ ಮೇಲೆ ಪಿಂಗಾಣಿ ಬಟ್ಟಲುಗಳಲ್ಲಿ ಸೂಪು ಬಂತು. ಅಜ್ಜಿ ಬಟ್ಟಲೊಳಗೆ ಇಣುಕಿ, "ಸಾರು ಬಂತು, ಮುದ್ದೆ ಎಲ್ಲಪ್ಪ?" ಅಂದಳು.

"ಸಾಹೇಬ್ರುಗೋಳು ಮುದ್ದೆ ಉಣ್ಣಲ್ಲ ಕಣವ್ವ" ಎಂದರು ಮೇಟಿ.

ಅಪ್ಪ ಸಾಹೇಬರಂತೆಯೇ ಚಮಚ ಕೈಗೆತ್ತಿಕೊಂಡರು. ಆಮೇಲೆ ಕೋಳಿ, ಅನ್ನ, ಕೊನೆಗೆ ಹಳದಿ ಬಣ್ಣದ ಪುಡ್ಡಿಂಗು. ಮೇಜಿನ ಮೇಲೆ ಇಟ್ಟೊಡನೆ ಅದು ಗಡಗಡ ಅಲುಗಿತು. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಇದ್ಯಾಕಪ್ಪ ಇಂಗ್ ನಡುಗ್ತದೆ? ಚಳಿಯಾ?"

ನಗು ತಡೆಯಲಾಗದೆ ತಂಗಿಗೆ ನೀರು ಮೂಗಿಗೆ ಹತ್ತಿತು. ಅಜ್ಜಿ ಮಾತ್ರ ಕಣ್ಣುಮುಚ್ಚಿ ಒಂದು ಚಮಚ ಬಾಯಿಗಿಟ್ಟಳು, ಕಣ್ಣು ಬಿಟ್ಟಳು, ಆಮೇಲೆ ಬಟ್ಟಲು ಖಾಲಿ ಮಾಡಿ ನನ್ನ ಬಟ್ಟಲಿನತ್ತ ನೋಡಿದಳು.

ಅವ್ವ ಅಂದು ಮೂರು ಸಲ ಅಡುಗೆಮನೆಗೆ ಹೋದಳು. ಒಮ್ಮೆ ತಟ್ಟೆ ತೊಳೆಯಲು, ಒಮ್ಮೆ ಈರುಳ್ಳಿ ಹೆಚ್ಚಿಕೊಡಲು, ಮೂರನೆಯ ಸಲ ಸುಮ್ಮನೆ. ಮೂರನೆಯ ಸಲ ಮೇಟಿ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಾವ್ರೆ, ನೀವು ಒಳೀಕ್ ಬಂದ್ರೆ ನಂಗೆ ಕೈಕಾಲು ಆಡಕಿಲ್ಲ. ಓಗಿ, ಜಗುಲಿ ಮ್ಯಾಲೆ ಕೂತ್ಕಳಿ. ಕಾಪಿ ತತ್ತೀನಿ."

ಅವ್ವ ಬಂದು ಬೆತ್ತದ ಕುರ್ಚಿಯ ತುದಿಯಲ್ಲಿ ಕೂತಳು. ಅಕ್ಕಿ ಆರಿಸುವಾಗ ಬಿಟ್ಟರೆ ಹಗಲು ಹೊತ್ತು ಅವಳು ಕೂತದ್ದನ್ನು ನಾನು ಕಂಡಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ಮಡಿಲಲ್ಲಿಟ್ಟಳು, ಕುರ್ಚಿಯ ತೋಳಿನ ಮೇಲಿಟ್ಟಳು. ಮೇಟಿ ತಟ್ಟೆಯಲ್ಲಿ ಕೆಟಲು, ಕಪ್ಪು ಹೊತ್ತು ತಂದು ಬಾಗಿ ನಿಂತಾಗ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಕಪ್ಪು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಕೆ ಅಂತ ಕೇಳಿದರೆ ಹೇಳಲೂ ಆಗದಷ್ಟು ನಕ್ಕಳು. ಅವಳನ್ನು ನೋಡಿ ನಾವೂ ನಕ್ಕೆವು.

ಮರುದಿನ ಬೆಳಿಗ್ಗೆ ಮೇಟಿ ನಮ್ಮನ್ನು ಹೊಳೆಗೆ ಕರೆದೊಯ್ದು ಎಚ್ಚರಿಕೆ ಹೇಳಿದರು. "ಈ ಬಂಡೆ ಒಳ್ಗೆ ಆಟ ಆಡ್ಕಳಿ, ನೀರು ನಿಂತಂಗದೆ. ಆ ಕರೀ ಬಂಡೆ ದಾಟ್ಬ್ಯಾಡಿ, ಸುಳಿ ಅವೆ."

ಅಪ್ಪ ಪಂಚೆ ಬಿಚ್ಚಿ ಬಂಡೆಯ ಮೇಲೆ ಹರಡಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ಮಂಡಿಯುದ್ದ ನೀರಿಗಿಳಿದು, ನಮ್ಮಿಬ್ಬರ ರಟ್ಟೆ ಬಿಗಿಯಾಗಿ ಹಿಡಿದು ನಿಂತರು. ನೀರಿನಲ್ಲಿ ಹೇಗಿರಬೇಕು ಅಂತ ನಮಗೆ ಪಾಠ ನಡೆಯುತ್ತಿದ್ದಾಗ ಗಾಳಿ ಬೀಸಿತು. ಪಂಚೆ ಬಂಡೆಯಿಂದೆದ್ದು ನೀರಿಗೆ ಬಿತ್ತು.

"ನನ್ ಪಂಚೆ!" ಎಂದು ಅಪ್ಪ ಕೂಗಿದರು. ನಮ್ಮ ಕೈ ಬಿಡುವಂತಿಲ್ಲ, ಅವರಿಗೆ ಈಜು ಬಾರದು. ಪಂಚೆ ನಿಧಾನವಾಗಿ, ಗಾಂಭೀರ್ಯದಿಂದ ತೇಲಿಕೊಂಡು ಹೊರಟಿತ್ತು.

ದಡದಲ್ಲಿ ಕೂತಿದ್ದ ಅವ್ವ ಎದ್ದಳು. ಸೀರೆಯನ್ನು ಗಟ್ಟಿಯಾಗಿ ಕಚ್ಚೆ ಬಿಗಿದಳು. ಎರಡು ಹೆಜ್ಜೆ ಓಡಿ ಬಂಡೆ ಹತ್ತಿ ನೀರಿಗೆ ಧುಮುಕಿದಳು. ಅವಳ ತಲೆ ಮುಳುಗಿತು.

"ಅಯ್ಯಯ್ಯೋ!" ಅಪ್ಪ ಕಿರುಚಿದ್ದಕ್ಕೆ ಮೇಟಿ ಸೌಟು ಹಿಡಿದುಕೊಂಡೇ ಓಡಿ ಬಂದರು.

ಅಷ್ಟು ಹೊತ್ತಿಗೆ ಅವ್ವ ಪಂಚೆಯ ಪಕ್ಕದಲ್ಲೇ ಎದ್ದಿದ್ದಳು. ಅದನ್ನು ಕೊರಳಿಗೆ ಸುತ್ತಿಕೊಂಡು, ಕರೀ ಬಂಡೆಗೆ ಬಲು ದೂರದಲ್ಲೇ ತಿರುಗಿ, ಉದ್ದುದ್ದ ಕೈ ಬೀಸಿ ಈಜಿಕೊಂಡು ಬಂದಳು. ಅವಳ ಮುಖ ನಮ್ಮ ಮನೆಯ ಅವ್ವನದಾಗಿರಲಿಲ್ಲ. ಹುಡುಗಿಯೊಬ್ಬಳ ಮುಖ ಅದು.

"ಎಲ್ಲಿ ಕಲ್ತೆಯೇ?" ಅಂದಳು ನೀರಂಚಿನಲ್ಲಿ ನಿಂತಿದ್ದ ಅಜ್ಜಿ, ಗಲ್ಲಕ್ಕೆ ಕೈಯಿಟ್ಟು.

"ನಮ್ಮೂರ ಮಗ್ಗುಲಲ್ಲೇ ಸಿಂಸಾ ಹೊಳೆ ಅಲ್ವಾ ಅತ್ತೆ? ಎಮ್ಮೆ ಮೈ ತೊಳೆಯಾಕೆ ಓಯ್ತಾ ಓಯ್ತಾ ಬಂತು."

"ಮದ್ವೆಯಾಗಿ ಅನ್ನೆಲ್ಡು ವರ್ಸ ಆಯ್ತು, ಒಂದಿನ ಏಳ್ನಿಲ್ವಲ್ಲ ನೀನು!" ಎಂದರು ಅಪ್ಪ.

"ಏಳಿ ಏನ್ ಮಾಡ್ಲಿ? ಬಚ್ಚಲಲ್ಲಿ ಈಜಿ ತೋರುಸ್ಲಾ?"

ಮೊದಲು ನಕ್ಕವಳು ಅಜ್ಜಿ. ನಗುತ್ತಾ ನಗುತ್ತಾ ಕಾಲು ಜಾರಿ ನೀರಲ್ಲೇ ಕೂತುಬಿಟ್ಟಳು. ಏಳಿಸಲು ಹೋದರೆ, "ಬುಡು, ಸಂದಾಗದೆ" ಅಂದಳು. ಎರಡನೆಯ ದಿನವೆಲ್ಲ ನಾವು ನೀರಿನಲ್ಲೇ ಇದ್ದೆವು. ಅವ್ವ ನಮ್ಮ ಹೊಟ್ಟೆಯ ಕೆಳಗೆ ಕೈಯಿಟ್ಟು ಕಾಲು ಬಡಿಯುವುದನ್ನು ಕಲಿಸಿದಳು. ಅಪ್ಪನಿಗೂ ಕಲಿಸಲು ನೋಡಿದಳು. ಅಪ್ಪ ಕಲ್ಲಿನ ಹಾಗೆ ತಳ ಸೇರಿದರು.

ಮೂರನೆಯ ದಿನ ಮಧ್ಯಾಹ್ನ ಜೀಪೊಂದು ಬಂದು ನಿಂತಿತು. ಹರೆಯದ ಇಂಜಿನಿಯರೊಬ್ಬರು ಇಳಿದರು. ನಾವು ಐವರೂ ನೀರಿನಲ್ಲಿದ್ದೆವು. ಮೇಟಿ ಮೆಟ್ಟಿಲ ಮೇಲೆ ನಿಂತು ಕೂಗಿದರು. "ಸಾಹೇಬ್ರೆ, ಇನ್ನೊಬ್ರು ಸಾಹೇಬ್ರು ಬಂದವ್ರೆ!"

ಒದ್ದೆ ಪಂಚೆ ಸುತ್ತಿಕೊಂಡು ಮೇಲೆ ಬಂದ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಕೈ ಮುಗಿದು ನಿಂತು ಹೇಳಿಬಿಟ್ಟರು. "ನಾನು ಸಾಹೇಬ ಅಲ್ಲ ಸಾರ್. ಮಂಡ್ಯದಲ್ಲಿ ಗುಮಾಸ್ತ. ನಮ್ಮ ಸಾಹೇಬ್ರು ಚೀಟಿ ಕೊಟ್ಟು ಕಳಿಸಿದ್ರು." ಆಮೇಲೆ ಮೇಟಿಯ ಕಡೆ ತಿರುಗಿ, ತಲೆ ತಗ್ಗಿಸಿ, "ನೀವು ಸಾಹೇಬ್ರೆ ಅಂದಾಗ ಅಲ್ಲ ಅನ್ನಬೇಕಿತ್ತು. ತಪ್ಪಾಯ್ತು" ಅಂದರು.

ಮೇಟಿ ನಕ್ಕರು. "ನಂಗೆ ಬಸ್ಟಾಪಲ್ಲೇ ಗೊತ್ತಾಯ್ತು ಬುಡಿ. ಯಾವ ಸಾಹೇಬ್ರು ತಮ್ ಟ್ರಂಕ ತಾವೇ ಹೊತ್ಕೊಂಡು ಬತ್ತಾರೆ?"

"ಮತ್ಯಾಕೆ ಮೂರು ದಿನ ಸಲಾಮು ಹೊಡೆದ್ರಿ?"

"ನೀವು ಎಷ್ಟು ಕುಸಿಯಾಗಿದ್ರಿ ಅಂದ್ರೆ, ನಂಗೂ ಹೊಡೆಯಾದೇ ಕುಸಿಯಾಯ್ತಿತ್ತು."

ಇಂಜಿನಿಯರು ಜೋರಾಗಿ ನಕ್ಕು, "ಚೀಟಿ ಇದೆಯಲ್ಲ, ಸಾಕು. ಊಟಕ್ಕೇನು?" ಎಂದರು. ಅಂದು ಮೇಟಿ ಅವ್ವನನ್ನು ಅಡುಗೆಮನೆಗೆ ಬಿಟ್ಟುಕೊಂಡರು. ಟ್ರಂಕಿನ ರಾಗಿಹಿಟ್ಟು ಹೊರಬಂತು. ಅವ್ವ ಮುದ್ದೆ ತಿರುವಿದಳು, ಮೇಟಿ ಹೊಳೆಮೀನಿನ ಸಾರು ಮಾಡಿದರು. ಇಂಜಿನಿಯರು ಬೂಟು ಬಿಚ್ಚಿ ನಮ್ಮ ಜೊತೆ ಜಗಲಿಯಲ್ಲೇ ಚಕ್ಕಂಬಕ್ಕಳ ಹಾಕಿ ಎರಡು ಮುದ್ದೆ ಉಂಡು, ಮೂರನೆಯದಕ್ಕೆ ತಟ್ಟೆ ಒಡ್ಡಿದರು.

ಸಂಜೆ ಅವರ ಜೀಪಿನಲ್ಲೇ ಹಲಗೂರಿನವರೆಗೆ ಬಂದು ಬಸ್ಸು ಹತ್ತಿದೆವು. ನಮ್ಮ ಕೂದಲು ಇನ್ನೂ ಆರಿರಲಿಲ್ಲ. ಬಸ್ಸು ಹೊರಟ ಮೇಲೆ ತಂಗಿ ಅಪ್ಪನಿಗೆ ಮೇಟಿಯಂತೆಯೇ ಸಲಾಮು ಹೊಡೆದಳು. ಅಪ್ಪ ಬಹಳ ಗಂಭೀರವಾಗಿ "ಹ್ಞೂಂ" ಅಂದರು. ಅಷ್ಟೇ ಸಾಕಾಯಿತು. ಅವ್ವ ನಗಲು ಶುರುಮಾಡಿದಳು, ಅವಳ ಹಿಂದೆ ಅಜ್ಜಿ, ಆಮೇಲೆ ನಾವೆಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾವೂರ ಮದ್ವೆಯಿಂದ ಬತ್ತಾ ಇದ್ದೀರವ್ವ?" ಅಂತ ಕೇಳಿದಳು.

"ಮದ್ವೆಯೂ ಇಲ್ಲ ಗಿದ್ವೆಯೂ ಇಲ್ಲ ಕಣವ್ವ" ಅಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ. "ನಮ್ ಸೊಸೆ ನೀರ್ಗೆ ಬಿದ್ದಿದ್ಲು."

ಆ ಹೆಂಗಸು ಗಾಬರಿಯಾಗಿ ಅವ್ವನನ್ನೇ ನೋಡಿದಳು. ಮಳವಳ್ಳಿ ಬರುವವರೆಗೂ ಅವ್ವನ ನಗು ನಿಲ್ಲಲಿಲ್ಲ.