ಬಾಗಿಲ ಕಡೆ ತಿರುಗಿದ ಮುಖ

ಸುಗುಣಾ, ನನ್ನ ತಮ್ಮ, ನಿನ್ನ ಗಂಡ ಜಯರಾಜ ನಗುತ್ತಾ ಸಾಯಲಿಲ್ಲ. ಹೆದರಿಕೊಂಡು ಸತ್ತ. ನಿನ್ನ ಹೆಸರು ಹೇಳುತ್ತಾ ಸತ್ತ. ನಿನ್ನನ್ನು ಕರೆ ಎಂದು ನನ್ನನ್ನು ಬೇಡಿಕೊಂಡ, ನಾನು ಕರೆಯಲಿಲ್ಲ. ನೀನು ಎದುರು ಮನೆಯ ಜಗುಲಿಯ ಮೇಲೇ ಕೂತಿದ್ದೆ. ಕಿಟಕಿಯಿಂದ ನನಗೆ ಕಾಣುತ್ತಿದ್ದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಬಂದರೆ ಮತ್ತೆಲ್ಲೋ ನುಣುಚಿಕೊಳ್ಳುತ್ತೇನೆ — ನನ್ನ ನಾಲಿಗೆ ಎಂಥದ್ದೆಂದು ನನಗೆ ಗೊತ್ತು. ಇಡೀ ಸಭೆಯ ಕಣ್ಣಲ್ಲಿ ನೀರು ತರಿಸಿದ ನಾಲಿಗೆ ಇದು.

ನಮ್ಮ ಚರ್ಚಿನ ಸಭೆಯವರು ಸಾವಿನ ಮನೆಗೆ ಬಂದರೆ ಮೊದಲು ಕೇಳುವುದು ಏನು ಕಾಯಿಲೆ ಎಂದಲ್ಲ. 'ಸಮಾಧಾನದಿಂದ ಹೋದ್ರಾ?' ಎಂದು. ಮಣ್ಣು ಮಾಡಿದ ಮೇಲಿನ ಭಾನುವಾರ, ಆರಾಧನೆಯ ನಡುವೆ, ಮನೆಯವರಲ್ಲಿ ಒಬ್ಬರು ಎದ್ದು ನಿಂತು ತೀರಿಕೊಂಡವರು ಹೇಗೆ ಹೋದರೆಂದು ಸಾಕ್ಷಿ ಹೇಳಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಎದ್ದು ನಿಲ್ಲದಿದ್ದರೆ ಜನ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ.

ನಮ್ಮ ಅಪ್ಪ ಉಪದೇಶಿ, ಹಳ್ಳಿಹಳ್ಳಿಗೆ ನಡೆದು ಬೈಬಲ್ ವಾಕ್ಯ ಸಾರಿದವರು. ಸಾಯುವಾಗ ಹೊಟ್ಟೆನೋವು ತಡೆಯಲಾರದೆ ಕಿರುಚಿದರು, ಕರ್ತನನ್ನೇ ಬೈದರು. ಹೊರಗೆ ನಿಂತಿದ್ದ ಜನರೆಲ್ಲ ಕೇಳಿಸಿಕೊಂಡರು. 'ಉಪದೇಶಿಗಳೇ ಹಿಂಗೆ ಹೋದ್ರೆ ನಮ್ಮಂಥೋರ ಗತಿ ಏನು ಮಾರಾಯ' ಎಂದು ಬಾವಿಕಟ್ಟೆಯಲ್ಲಿ ಯಾರೋ ನಕ್ಕದ್ದು ನನ್ನ ಕಿವಿಗೂ ಬಿತ್ತು. ಆ ಭಾನುವಾರ ನಮ್ಮ ಬೆಂಚಿನಿಂದ ಯಾರೂ ಏಳಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ, ಅವತ್ತೇ ತೀರ್ಮಾನ ಮಾಡಿದೆ — ಈ ಮನೆಯಲ್ಲಿ ಮುಂದಿನ ಸಾವು ಚೆನ್ನಾಗಿ ಆಗಬೇಕು. ಚೆನ್ನಾಗಿ ಆಗಬೇಕಂತೆ! ಮದುವೆ ಊಟವೇ ಅದು?

ಜಯರಾಜನಿಗೆ ಕಾಮಾಲೆ ತಿರುಗಿ ಬಂತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದಾಗ, ನಾನು ಹೊಲಿಗೆ ಕ್ಲಾಸಿಗೆ ರಜೆ ಹಾಕಿ ಶಿವಮೊಗ್ಗದಿಂದ ಓಡಿ ಬಂದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಿಮ್ಮದು ಎರಡೇ ಕೋಣೆಯ ಬಾಡಿಗೆ ಮನೆ. ಕಾರ್ಖಾನೆಯ ಕುಲುಮೆಯ ಮುಂದೆ ನಿಂತು ದುಡಿದ ಆ ಗಟ್ಟಿ ಮೈ ಅರಿಶಿನ ಬಳಿದಂತಾಗಿ ಚಾಪೆಯ ಮೇಲೆ ಬಿದ್ದಿತ್ತು. ನೀನು ಅವನ ಪಾದ ಹಿಡಿದುಕೊಂಡು ಅಳುತ್ತಿದ್ದೆ. ನಿನ್ನ ಅಳು ನನಗೆ ಸಿಟ್ಟು ತರಿಸುತ್ತಿತ್ತು, ನಿಜ ಹೇಳುತ್ತೇನೆ. ನಾನು ವಾಕ್ಯ ಓದಿದರೆ ಅವನು ನಿನ್ನ ಮುಖ ನೋಡುತ್ತಿದ್ದ. ನಾನು ಪ್ರಾರ್ಥನೆ ಮಾಡಿದರೆ ಅವನು ನಿನ್ನ ಕೈಗಾಗಿ ತಡಕಾಡುತ್ತಿದ್ದ.

ಆ ಮಧ್ಯಾಹ್ನ ನಿನ್ನನ್ನು ರಟ್ಟೆ ಹಿಡಿದು ಎಬ್ಬಿಸಿದೆ. 'ಸ್ವಲ್ಪ ಹೊರಗಿರಮ್ಮ. ನೀನು ಹಿಂಗೆ ಅಳ್ತಾ ಕೂತ್ರೆ ಅವನು ಹೆಂಗೆ ಸಮಾಧಾನದಿಂದ ಹೋಗ್ತಾನೆ? ಕಾಲಿಗೆ ಹಗ್ಗ ಕಟ್ಟಿದ ಹಾಗೆ. ನಾನು ಕರೀತೀನಿ.'

ನಾನು ಕರೀತೀನಿ. ನೀನು ನಂಬಿದೆ, ಸೆರಗಿನಲ್ಲಿ ಮೂಗೊರೆಸಿಕೊಂಡು ಹೋದೆ. ಎದುರು ಮನೆಯ ಖೈರುನ್ ಬೀ, ಆ ಲಾರಿ ಡ್ರೈವರ್ ಹೆಂಡತಿ, ನಿನ್ನನ್ನು ಜಗುಲಿಯ ಮೇಲೆ ಕೂರಿಸಿ ಕೈಗೆ ಚಹಾ ಲೋಟ ಕೊಟ್ಟಳು. ನೀನು ಅದನ್ನು ಕುಡಿಯಲಿಲ್ಲ, ಹಿಡಿದುಕೊಂಡೇ ಇದ್ದೆ. ನಾನು ಬಾಗಿಲು ಮುಂದೆ ಮಾಡಿದೆ.

ಅವನಿಗೆ ತಕ್ಷಣ ಗೊತ್ತಾಯಿತು. 'ಅಕ್ಕಾ, ಭಯ ಆಗ್ತಿದೆ. ಸುಗುಣನ್ನ ಕರಿ.'

'ಮೊದಲು ಕರ್ತನ ಹೆಸರು ಹೇಳು ಜಯ.'

'ಅವಳು ಬರ್ಲಿ, ಹೇಳ್ತೀನಿ.'

'ನೀನು ಹೇಳು, ಕರೀತೀನಿ.'

ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ಮಾಡುವ ಚೌಕಾಸಿ ಅದು, ಸುಗುಣಾ. ಸಾಯುತ್ತಿರುವ ತಮ್ಮನ ಹತ್ತಿರ ಮಾಡಿದೆ. ಅವನ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಬೀದಿ ದಾಟುತ್ತಿರಲಿಲ್ಲ. ನಾನು ಒಂದು ಕಣ್ಣನ್ನು ಕಿಟಕಿಯ ಮೇಲಿಟ್ಟುಕೊಂಡು ಪ್ರಾರ್ಥನೆ ಹೇಳುತ್ತಲೇ ಹೋದೆ — ಜೋರಾಗಿ, ಅವನ ಮಾತಿನ ಮೇಲೆ ನನ್ನ ಮಾತು ಹೇರಿ. ಇನ್ನೊಂದು ನಿಮಿಷಕ್ಕೆ ಅವನು ಮೆತ್ತಗಾಗುತ್ತಾನೆ, ಕರ್ತನೇ ಅನ್ನುತ್ತಾನೆ, ಆಗ ಕರೆದರಾಯಿತು — ಹಾಗೆಂದುಕೊಂಡೆ. ಅವನು ಮುಖವನ್ನು ಬಾಗಿಲ ಕಡೆ ತಿರುಗಿಸಿದ. 'ಸುಗುಣಾ' ಅಂದ. ಕಾರ್ಖಾನೆಯ ಸೈರನ್ ಕೂಗಿತು. ಅದು ನಿಲ್ಲುವಷ್ಟರಲ್ಲಿ ಅವನಿರಲಿಲ್ಲ.

ಇನ್ನೊಂದಿದೆ. ಇದನ್ನು ಹೇಳದೆ ಬಿಡೋಣವೆಂದು ಎಷ್ಟು ಆಸೆ ನನಗೆ... ಅವನ ಕಣ್ಣು ಮುಚ್ಚಿದ ಮೇಲೆ, ನಿನ್ನನ್ನು ಕರೆಯುವ ಮೊದಲು, ಅವನ ತುಟಿಯ ಅಂಚುಗಳನ್ನು ಬೆರಳಿನಿಂದ ಒಂದಿಷ್ಟು ಮೇಲಕ್ಕೆ ತೀಡಿದೆ. ಬಟ್ಟೆಯ ಸುಕ್ಕು ತೀಡಿ ಅಭ್ಯಾಸವಾದ ಬೆರಳು. ನೀನು ಓಡಿಬಂದು ಕಂಡ ಆ ನಗು ನನ್ನ ಕೈಕೆಲಸ.

ಭಾನುವಾರ ನಾನು ಎದ್ದು ನಿಂತೆ. ನನ್ನ ತಮ್ಮ ಬಾಗಿಲ ಕಡೆ ನೋಡಿ ನಕ್ಕ, ಅಲ್ಲಿ ಬಂದು ನಿಂತ ಕರ್ತನನ್ನು ಕಂಡ, ಬಂದರು ಅಕ್ಕಾ ಅಂದ — ಹೀಗೆಲ್ಲ ಹೇಳಿದೆ. ಪಾದ್ರಿ ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಪ್ಪನ ಸಾವಿಗೆ ನಕ್ಕವರೇ ಬಂದು ನನ್ನ ಕೈ ಹಿಡಿದರು. ಆಗ ನನಗೆ ಹೇಗನಿಸಿತು ಗೊತ್ತೇ? ಗೆದ್ದ ಹಾಗೆ.

ಖೈರುನ್ ಬೀ ಮಾತ್ರ ನೀರು ಹಿಡಿಯುವಾಗ ನನ್ನನ್ನು ತಡೆದು ನಿಲ್ಲಿಸಿದ್ದಳು. 'ಅಲ್ಲ ಮಾರಾಯ್ತಿ, ಒಂದು ಕೂಗು ಹಾಕೋದಲ್ವಾ? ಇಲ್ಲೇ ಕೂತಿದ್ಲಲ್ಲ ಹುಡುಗಿ.' ಹೊತ್ತೇ ಸಿಗಲಿಲ್ಲ ಎಂದೆ. ಅವಳು ಕೊಡ ಎತ್ತಿಕೊಂಡು ಹೋದಳು. ಇವತ್ತಿಗೂ ನಿನ್ನ ಮನೆಗೆ ಬಂದಾಗ ಅವಳ ಕಣ್ಣು ತಪ್ಪಿಸಿಯೇ ಒಳಗೆ ನುಗ್ಗುತ್ತೇನೆ.

ಆಮೇಲೆ ನೀನು ಕೇಳಿದೆ. ಒಲೆಯ ಮುಂದೆ ಕೂತು, ನನ್ನ ಮುಖ ನೋಡದೆ ಕೇಳಿದೆ. 'ಅತ್ತಿಗೆ, ನನ್ನ ಹೆಸರೇನಾದ್ರೂ ಹೇಳಿದ್ರಾ?'

ಅದು ನನಗೆ ಸಿಕ್ಕ ಅವಕಾಶ. ಹೌದು ಎಂಬ ಒಂದೇ ಮಾತು ಸಾಕಿತ್ತು. ಆದರೆ ಹೌದು ಎಂದರೆ, ಮತ್ತೆ ಯಾಕೆ ಕರೀಲಿಲ್ಲ ಎಂದು ನೀನು ಕೇಳುತ್ತೀಯ. 'ಇಲ್ಲಮ್ಮ' ಅಂದೆ. 'ಅವನು ಪೂರ್ತಿ ಕರ್ತನಲ್ಲೇ ಇದ್ದ. ಈ ಲೋಕದ್ದು ಯಾವುದೂ ಅವನಿಗೆ ನೆನಪಿರ್ಲಿಲ್ಲ.'

ನೀನು ತಲೆಯಾಡಿಸಿದೆ. ಸೌದೆ ಮುಂದಕ್ಕೆ ತಳ್ಳಿದೆ. 'ಒಳ್ಳೇದಾಯ್ತು' ಅಂದೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳು ಬಸ್ಸು ಹತ್ತಿ ಊರೂರು ತಿರುಗಿತು. ಶಿವಮೊಗ್ಗದಲ್ಲಿ ಯಾರದೋ ಮಣ್ಣಿನಲ್ಲಿ ಹೊರ ಊರಿನ ಬೋಧಕರೊಬ್ಬರು ಭದ್ರಾವತಿಯ ಸಹೋದರನೊಬ್ಬನು ಕೀರ್ತನೆ ಹಾಡುತ್ತಾ ಪರಲೋಕಕ್ಕೆ ಹೋದನೆಂದು ಹೇಳಿದರು. ಜಯರಾಜ ಹಾಡುವುದು! ಅವನು ಬಾಯಿ ತೆಗೆದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಿದ್ದರು, ಅದಕ್ಕೇ ನೀನು ಅವನ ಮೊಣಕೈ ಚಿವುಟುತ್ತಿದ್ದೆ. ಅವತ್ತು ನಗು ಬಂತು ನನಗೆ, ಮಣ್ಣಿನ ನಡುವೆ.

ಅದಕ್ಕಿಂತ ದೊಡ್ಡದು ನಿನ್ನ ಬಾಳು. ನಿನ್ನ ತಂದೆ ಹಾಸನದಿಂದ ಬಂದು ಕರೆದರು, ನೀನು ಹೋಗಲಿಲ್ಲ. ಮತ್ತೊಂದು ಮದುವೆಯ ಮಾತು ತಂದರು, ಹೆಂಡತಿ ತೀರಿಕೊಂಡ ಒಳ್ಳೆಯ ಮೇಷ್ಟ್ರು. ನೀನು ಬೇಡ ಎಂದೆ. 'ಕರ್ತನು ಬಂದು ನಿಂತ ಬಾಗಿಲು. ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅತ್ತಿಗೆ?' ಹತ್ತಿರದ ಶಾಲೆಯಲ್ಲಿ ಆಯಾ ಕೆಲಸ ಹಿಡಿದು ಅಲ್ಲೇ ಉಳಿದೆ. ಪ್ರಾರ್ಥನೆಗೆ ಕೂತರೆ ಆ ಬಾಗಿಲಿಗೆ ಮುಖಮಾಡಿ ಕೂರುತ್ತೀಯ. ಆಗೆಲ್ಲ ನಾನು ನಿನ್ನ ಹಿಂದೆ ಕೂತು, ಮಂಡಿ ನೋವೆಂದು ಸುಳ್ಳು ಹೇಳಿ, ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಮತ್ತೆ ನೀನು ಕಾಯಿಲೆಯವರ ಮನೆಗಳಿಗೆ ಹೋಗತೊಡಗಿದೆ. ಯಾರೇ ಹಾಸಿಗೆ ಹಿಡಿದಿರಲಿ, ನಮ್ಮವರಾಗಲಿ ಬೇರೆಯವರಾಗಲಿ, ನೀನು ಮೊದಲು ಕೇಳುವುದು ಒಂದೇ: 'ಯಾರನ್ನ ಕರೀಲಿ?' ಹೆಸರು ಹೇಳಿದರೆ, ಮಗಳು ಗಾಜನೂರಿನಲ್ಲಿದ್ದರೂ ಸರಿ, ಅಣ್ಣನ ಜೊತೆ ಮಾತು ಬಿಟ್ಟಿದ್ದರೂ ಸರಿ, ಹೇಗಾದರೂ ಮಾಡಿ ಹೇಳಿ ಕಳಿಸುತ್ತಿದ್ದೆ. ಇದೆಲ್ಲ ಯಾಕಮ್ಮ ನಿನಗೆ ಎಂದು ನಾನು ಒಮ್ಮೆ ಗದರಿದೆ. 'ನಮ್ಮನೆಯೋರಿಗೆ ಯಾರೂ ಬೇಕಾಗಿರ್ಲಿಲ್ಲ, ಅವರ ಭಾಗ್ಯ ಅದು. ಬೇಕು ಅನ್ನೋರಿಗಾದ್ರೂ ಸಿಗ್ಲಿ ಅತ್ತಿಗೆ' ಎಂದೆ ನೀನು. ಅವತ್ತಾದರೂ ನಾನು... ಇಲ್ಲ. ಅವತ್ತೂ ಹೇಳಲಿಲ್ಲ.

ಕಳೆದ ತಿಂಗಳು ನನ್ನನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದರಲ್ಲ, ಉಸಿರು ಕಟ್ಟಿಕೊಂಡು, ನೀನೂ ಓಡಿ ಬಂದೆ. ಆ ಮಧ್ಯಾಹ್ನ ನಾನು ಹೋಗಿಬಿಟ್ಟೆನೆಂದೇ ತಿಳಿದಿದ್ದೆ. ಸುಗುಣಾ, ನನಗೆ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಅಷ್ಟು ವರ್ಷ ಹೆಂಗಸರ ಕೂಟದಲ್ಲಿ ನಿರೀಕ್ಷೆ, ಸಮಾಧಾನ ಎಂದು ಬೋಧಿಸಿದ ಗ್ರೇಸಮ್ಮ, ಗಂಡನಿಲ್ಲದ, ಮಕ್ಕಳಿಲ್ಲದ ಮುದುಕಿ, ನಿನ್ನ ಸೀರೆಯ ಸೆರಗು ಬಿಗಿಯಾಗಿ ಹಿಡಿದುಕೊಂಡೆ. ನೀನು ಬಗ್ಗಿ ಕೇಳಿದೆ: 'ಯಾರನ್ನ ಕರೀಲಿ ಅತ್ತಿಗೆ?' ನಾನು ಭಯ ಆಗ್ತಿದೆ ಎಂದಷ್ಟೇ ಅಂದೆ. ಅವನದೇ ಮಾತು ನನ್ನ ಬಾಯಲ್ಲಿ.

ಕರ್ತನ ಹೆಸರು ಹೇಳಿ ಎಂದು ನೀನು ಹೇಳಲಿಲ್ಲ. 'ಭಯ ಆದ್ರೆ ಆಗ್ಲಿ ಅತ್ತಿಗೆ. ಶಿಲುಬೆಗೆ ಹೋಗೋ ಮುಂಚೆ ಕರ್ತನೂ ಹೆದರಿದ್ದ, ಜೊತೇಲಿರಿ ಅಂತ ಶಿಷ್ಯರನ್ನ ಕೇಳ್ಕೊಂಡಿದ್ದ. ನಾನು ಇಲ್ಲೇ ಇರ್ತೀನಿ' ಎಂದೆ, ನನ್ನ ಅಂಗೈ ಮೇಲೆ ಅಂಗೈ ಇಟ್ಟೆ.

ಸಮಾಧಾನ ಎಂದರೆ ಏನೆಂದು ನನಗೆ ಮೊದಲ ಸಲ ಗೊತ್ತಾದದ್ದು ಆಗ. ನೋಡುವವರಿಗೆ ತೋರಿಸುವ ಮುಖವೆಂದು ತಿಳಿದಿದ್ದೆ ನಾನು. ಹೆದರಿದವನ ಹತ್ತಿರ ದೇವರು ಬರುವುದಿಲ್ಲ, ಹೆಂಡತಿಯನ್ನು ಕರೆದವನು ಕರ್ತನನ್ನು ಬಿಟ್ಟನೆಂದು ನಂಬಿದ್ದೆ. ವಾಕ್ಯ ಓದಿ ಓದಿ ಕಲಿತ ಅವಿಶ್ವಾಸ ಇದು. ನಿನ್ನ ಅಂಗೈಯಿಂದ ನನಗೆ ಸಿಕ್ಕಿದ್ದು ಅವತ್ತು ನನ್ನ ತಮ್ಮನಿಗೆ ಸಿಗಬೇಕಿತ್ತು. ಅವನ ಪಾಲಿನದನ್ನು ನಾನು ತಿಂದು ಎದ್ದು ಬಂದೆ.

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹೊಲಿಗೆ ಹಿಡಿದರೆ ದಾರ ಸಿಕ್ಕಾಗುತ್ತದೆ. ಹೇಳಿದರೆ ಆ ಬಾಗಿಲು ನಿನಗೆ ಏನಾಗುತ್ತದೆ? ಯಾವ ನಿರೀಕ್ಷೆ ಹಿಡಿದು ನೀನು ಬದುಕಿದೆಯೋ ಅದನ್ನೇ ಕಿತ್ತುಕೊಂಡ ಹಾಗೆ ಅಲ್ಲವೇ — ಹೀಗೆ ಕೇಳಿಕೊಂಡು ಎಷ್ಟು ದಿನ ತಳ್ಳಿದೆ. ಅದೂ ನುಣುಚಿಕೊಳ್ಳುವ ದಾರಿಯೇ. ನಿನ್ನ ನಿರೀಕ್ಷೆಯನ್ನು ಕಾಪಾಡಲು ನನ್ನ ಸುಳ್ಳು ಬೇಕೆನ್ನಲು ನಾನು ಯಾರು? ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಆ ಮಾತನ್ನೂ ನಾನು ಸಭೆಯಲ್ಲಿ ಬಹಳ ಸಲೀಸಾಗಿ ಬಳಸಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಭಾನುವಾರ ಅದೇ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ, ನನ್ನ ತಮ್ಮ ಹೇಗೆ ಹೋದನೆಂದು ಸರಿಯಾಗಿ ಹೇಳುತ್ತೇನೆ. ಅದಕ್ಕೂ ಮೊದಲು, ಈಗ ಮನಸ್ಸಿನಲ್ಲೇ ನಿನಗೆ ಹೇಳಿಕೊಂಡ ಇದೆಲ್ಲವನ್ನೂ ನಿನ್ನೆದುರು ಹೇಳುತ್ತೇನೆ. ಈ ಸಲ ಖೈರುನ್ ಬೀ ಕಣ್ಣು ತಪ್ಪಿಸುವುದಿಲ್ಲ, ಅವಳೂ ಕೇಳಿಸಿಕೊಳ್ಳಲಿ. ನೀನು ಹಿತ್ತಿಲಲ್ಲಿರು, ಒಲೆಯ ಮುಂದಿರು, ಎಲ್ಲೇ ಇರು — ನಾನು ಆ ಬಾಗಿಲಲ್ಲಿ ನಿಂತು, ಅವತ್ತು ಹಾಕದೆ ಬಿಟ್ಟ ಕೂಗನ್ನು ಇಡೀ ಬೀದಿಗೆ ಕೇಳುವಂತೆ ಹಾಕುತ್ತೇನೆ.

'ಸುಗುಣಾ, ಬೇಗ ಬಾರಮ್ಮ. ಜಯ ನಿನ್ನ ಕರೀತಿದ್ದಾನೆ.'